ಪೂರ್ವ ಪ್ರಾಥಮಿಕ ಶಿಕ್ಷಕಿಯರ ಪದವಿ ವ್ಯಾಸಂಗ: ಕರ್ನಾಟಕದಲ್ಲಿ ಬೆಳೆದುಬಂದ ಬಗೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವವರನ್ನು ತಯಾರು ಮಾಡುವ ಓದು ಕರ್ನಾಟಕಕ್ಕೆ ಹೊಸದಲ್ಲ. ಆದರೆ ಅದು ಒಂದೇ ಹಾದಿಯಲ್ಲಿ ಬೆಳೆಯಲಿಲ್ಲ. ಮಾಂಟೆಸ್ಸರಿ ಡಿಪ್ಲೊಮಾ ನಗರಗಳಲ್ಲಿ ನೆಲೆಯೂರಿತು, ಮಕ್ಕಳ ಬೆಳವಣಿಗೆಯ ಶಾಸ್ತ್ರ ಗೃಹವಿಜ್ಞಾನ ಕಾಲೇಜುಗಳನ್ನು ಸೇರಿತು, ಹಳ್ಳಿಯ ಪಾಲಿಗೆ ಅಂಗನವಾಡಿ ತರಬೇತಿ ಬಂತು. ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿ ನಿಂತು ನೋಡಿದರೆ ಈ ಕವಲು ಎದ್ದು ಕಾಣುತ್ತದೆ. ಬಾಗಲಕೋಟೆ ಜಿಲ್ಲೆಯ ಶಿಕ್ಷಕ ತರಬೇತಿಯ ಸರ್ಕಾರಿ ಕೇಂದ್ರವಾದ ಡಯಟ್ ಇರುವುದು ಇಳಕಲ್ಲಿನಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಈ ಬಗೆಯ ಸಂಸ್ಥೆಗಳಿಗೆ ವಹಿಸಿದ ಮುಖ್ಯ ಕೆಲಸ ಪ್ರಾಥಮಿಕ ಶಾಲೆಯದು. ಮಗುವಿನ ಬೆಳವಣಿಗೆಯನ್ನೇ ವಿಷಯವಾಗಿ ಓದಬೇಕೆಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದತ್ತ ಹೋಗಬೇಕು. ಚೊಳಚಗುಡ್ಡದ ಅಂಗನವಾಡಿಯಂತೂ ಶಿಕ್ಷಣ ಇಲಾಖೆಗೆ ಸೇರಿಯೇ ಇಲ್ಲ, ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಪದವಿ ತಡವಾದದ್ದು ಜ್ಞಾನ ಇಲ್ಲದ್ದರಿಂದಲ್ಲ, ಆ ಕೆಲಸವನ್ನು ಶಿಕ್ಷಕಿಯ ಹುದ್ದೆಯೆಂದು ಸರ್ಕಾರ ಎಣಿಸದೆ ಇದ್ದದ್ದರಿಂದ ಎಂಬುದನ್ನು ಈ ಇತಿಹಾಸವೇ ತೋರಿಸುತ್ತದೆ.

ಜ್ಞಾನವಂತೂ ಬಲು ಹಿಂದೆಯೇ ಇತ್ತು. ಗಿಜುಭಾಯಿ ಬಧೇಕಾ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದು, 1925ರ ಹೊತ್ತಿಗೆ ಶಿಕ್ಷಕರಿಗಾಗಿಯೇ ಅಧ್ಯಾಪನ ಮಂದಿರ ನಡೆಸುತ್ತಿದ್ದರು. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ನೂರಾರು ಜನರಿಗೆ ತರಬೇತಿ ಕೊಟ್ಟರು. ಅವರ ಶಿಷ್ಯ ಆಲ್ಬರ್ಟ್ ಯೋಸ್ಟೆನ್ ಮುಂದುವರಿಸಿದ ತರಬೇತಿಗಳ ಪರಂಪರೆ ಬೆಂಗಳೂರಿನಲ್ಲಿ ಇಂದಿಗೂ ಉಳಿದಿದೆ. ಆದರೆ ಅದು ಖಾಸಗಿ ಶಾಲೆ ಮತ್ತು ಶುಲ್ಕ ಕಟ್ಟಬಲ್ಲವರ ವಲಯದಲ್ಲೇ ಹೆಚ್ಚಾಗಿ ಉಳಿಯಿತು. ಹಳ್ಳಿಗೆ ಹೆಚ್ಚು ಒಗ್ಗುವ ಪ್ರಯೋಗ 1945ರಲ್ಲಿ ಮುಂಬಯಿ ಪ್ರಾಂತ್ಯದ ಬೋರ್ಡಿಯಲ್ಲಿ ಶುರುವಾಯಿತು. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಸ್ಥಳೀಯ ಸಾಮಗ್ರಿಗಳಿಂದಲೇ ಕಲಿಕೆಯ ಉಪಕರಣ ಮಾಡಿಕೊಂಡು, ಶಾಲೆಯನ್ನು ಮಕ್ಕಳ ಅಂಗಳಕ್ಕೇ ಒಯ್ದರು. ಆಗ ಬಾದಾಮಿ, ಇಳಕಲ್ ಕೂಡ ಅದೇ ಪ್ರಾಂತ್ಯದಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬಹುದು. ಒಂದೇ ಆಡಳಿತದ ಒಂದು ತುದಿಯಲ್ಲಿ ಸಿದ್ಧವಾಗಿದ್ದ ವಿಧಾನವನ್ನು ಇನ್ನೊಂದು ತುದಿಗೆ ತಲುಪಿಸಬಲ್ಲ ಹುದ್ದೆಯೇ ಇರಲಿಲ್ಲ.

ಸ್ವಾತಂತ್ರ್ಯದ ನಂತರ ಹುದ್ದೆ ಹುಟ್ಟಿತು, ಆದರೆ ಕಲ್ಯಾಣ ಕಾರ್ಯಕ್ರಮದ ಹೆಸರಿನಲ್ಲಿ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರಿಗಾಗಿ 1960ರ ದಶಕದಲ್ಲಿದ್ದ ಬಾಲಸೇವಿಕಾ ತರಬೇತಿ ಸುಮಾರು ಒಂದು ವರ್ಷದ ಓದಾಗಿತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಯೋಜನೆ ಊರೂರಿಗೆ ಹರಡಿದಂತೆ ಅದರ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಕುಗ್ಗಿತು. ಮೊದಲು ತಿಂಗಳುಗಳ ಲೆಕ್ಕದಲ್ಲಿದ್ದ ಉದ್ಯೋಗ ತರಬೇತಿ ಮುಂದೆ 26 ದಿನಕ್ಕೆ ಇಳಿಯಿತು. ಅಷ್ಟರಲ್ಲಿ ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಸೇರಿ ಆರು ಸೇವೆಗಳನ್ನು ಕಲಿಯಬೇಕು. ಶಾಲಾಪೂರ್ವ ಶಿಕ್ಷಣ ಅವುಗಳಲ್ಲಿ ಒಂದು ಮಾತ್ರ. ಇದರ ಎದುರಿಗೆ ಮೈಸೂರನ್ನೇ ಇಟ್ಟು ನೋಡಬೇಕು. 1963ರಲ್ಲಿ ಸ್ಥಾಪನೆಯಾದ ಅಲ್ಲಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಪಿಯುಸಿ ನಂತರದ ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಪದವಿಯನ್ನು ಪ್ರೌಢಶಾಲೆಯ ಶಿಕ್ಷಕರಿಗಾಗಿ ರೂಪಿಸಿತು. ಅಂದರೆ ಪದವಿಯ ಮಾದರಿ ರಾಜ್ಯದಲ್ಲೇ ಇತ್ತು; ಹೈಸ್ಕೂಲಿನ ಬೀಜಗಣಿತಕ್ಕೆ ಬೇಕೆನಿಸಿದ ನಾಲ್ಕು ವರ್ಷ, ಮಗುವಿನ ಮೊದಲ ಮಾತು, ಮೊದಲ ಎಣಿಕೆಗೆ ಬೇಕೆನಿಸಲಿಲ್ಲ.

ಚಿಕ್ಕ ಮಕ್ಕಳಿಗೆ ಅಕ್ಕರೆ ಸಾಕು, ಪದವಿ ಏಕೆ ಎಂಬ ಆಕ್ಷೇಪ ಹಳೆಯದು. ಅಕ್ಕರೆ ಬೇಕೇ ಬೇಕು. ಆದರೆ ಬಾಗಲಕೋಟೆ ಸೀಮೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಗುಳೆ ಹೋಗುವ ಕುಟುಂಬದ ಮಗು ನಡುವರ್ಷ ಕಾಣೆಯಾಗಿ ಮತ್ತೆ ಬಂದಾಗ ಎಲ್ಲಿಂದ ಶುರು ಮಾಡಬೇಕು, ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಗುವನ್ನು ಕನ್ನಡಕ್ಕೆ ಹೇಗೆ ತರಬೇಕು, ಮಾತು ತಡವಾದ ಮಗು ಯಾವುದು, ಸಂಕೋಚದ ಮಗು ಯಾವುದು ಎಂದು ಹೇಗೆ ಗುರುತಿಸಬೇಕು ಎಂಬ ಪ್ರಶ್ನೆಗಳಿಗೆ ಅಕ್ಕರೆಯೊಂದೇ ಉತ್ತರ ಕೊಡದು. ಅದಕ್ಕೆ ಗಮನಿಸುವ, ದಾಖಲಿಸುವ, ಯೋಜಿಸುವ ಅಭ್ಯಾಸ ಬೇಕು. ದೀರ್ಘ ಓದು ಬೆಳೆಸುವುದು ಇದನ್ನೇ.

ಇಂಥ ಕೆಲಸ ಮಾಡುವವಳ ಹುದ್ದೆ ಯಾವುದೆಂಬ ಗೊಂದಲಕ್ಕೆ ನ್ಯಾಯಾಲಯದ ತೀರ್ಪುಗಳೂ ಸಾಕ್ಷಿ. ಕರ್ನಾಟಕ ಸರ್ಕಾರ ಮತ್ತು ಅಮೀರಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟ್, ಅವರು ಗ್ರಾಚ್ಯುಟಿಗೆ ಅರ್ಹರು ಎಂದಿತು. ಆಹಾರ ಭದ್ರತಾ ಕಾಯ್ದೆಯಡಿ ಅವರ ಮೇಲಿರುವ ಹೊಣೆಯ ಜೊತೆಗೆ, ಅಂಗನವಾಡಿಯಲ್ಲಿ ನಡೆಯುವ ಶಾಲಾಪೂರ್ವ ಶಿಕ್ಷಣವನ್ನೂ ಪರಿಗಣಿಸಿತು. ಹದಿನಾರು ವರ್ಷಗಳಲ್ಲಿ ಕೆಲಸ ಬದಲಾಗಿರಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಗಿತ್ತು.

ಅಕ್ಕರೆ ಸಾಕು ಎಂಬುದಕ್ಕಿಂತ ಹೆಚ್ಚು ತೂಕದ ಆಕ್ಷೇಪ ಬೇರೆಯಿದೆ. ಪದವಿ ಕಡ್ಡಾಯವಾದರೆ ಊರಿನ ಹೆಣ್ಣುಮಗಳು ಹೊರಬಿದ್ದು, ಮಗುವಿನ ಮಾತು ಬಾರದ ಪಟ್ಟಣದವರು ಬಂದಾರು. ಅಂಗನವಾಡಿಯ ಬಲವೇ ಅವಳು ಅದೇ ಊರಿನವಳಾಗಿರುವುದು ಎಂಬುದನ್ನು ಅಲ್ಲಗಳೆಯಲಾಗದು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯಲು ಹೊರಟಾಗ ರಾಜ್ಯದ ಅಂಗನವಾಡಿ ನೌಕರರು ಬೀದಿಗಿಳಿದದ್ದರ ಹಿಂದೆಯೂ ಈ ಭಯವಿತ್ತು. ಆದರೆ ಇದು ಪದವಿಯನ್ನು ಬಾಗಿಲಾಗಿ ಇಡಬೇಡಿ ಎನ್ನುವ ವಾದವೇ ಹೊರತು ಪದವಿಯೇ ಬೇಡ ಎನ್ನುವುದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಬುನಾದಿ ಹಂತವನ್ನು ಗುರುತಿಸಿ, ಪಿಯುಸಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ, ಉಳಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದಿತು. 2023ರಲ್ಲಿ ಹೊಸ ರೂಪದಲ್ಲಿ ಆರಂಭವಾದ ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಪದವಿಯಲ್ಲಿ ಬುನಾದಿ ಹಂತಕ್ಕೂ ಒಂದು ಶಾಖೆ ಇದೆ. ಎರಡೂ ಒಂದೇ ನೀತಿಯ ಕೂಸುಗಳಾದರೂ, ಕೆಲಸದಲ್ಲಿರುವವಳಿಗೆ ಒಂದು, ಹೊಸದಾಗಿ ಓದುವವಳಿಗೆ ಇನ್ನೊಂದು ಎಂಬಂತೆ ಬೇರೆಯಾಗಿ ನಿಂತಿವೆ. ಆರು ತಿಂಗಳ ಓದನ್ನೂ ಅಂಗನವಾಡಿಯ ಅನುಭವವನ್ನೂ ಪದವಿಯ ಲೆಕ್ಕಕ್ಕೆ ಸೇರಿಸಿ, ಇಳಕಲ್ಲಿನಂಥ ಡಯಟ್‌ಗಳಲ್ಲೇ ರಜೆಯ ತರಗತಿ ನಡೆಸಿದರೆ ಚೊಳಚಗುಡ್ಡದ ಕಾರ್ಯಕರ್ತೆ ಊರಿನ ಕೆಲಸ ಬಿಡದೆ ಪದವಿ ಮುಗಿಸಬಹುದು. ಅದಕ್ಕೆ ಶಿಕ್ಷಣ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳೆರಡೂ ಮೊದಲು ಒಂದು ಹುದ್ದೆ, ಒಂದು ವೇತನಶ್ರೇಣಿಗೆ ಒಪ್ಪಬೇಕು.