ಬರಗಾಲದ ಊರಿನ ಹಾಡು: ಫ್ರಿಂಜ್ ರಂಗಭೂಮಿ ಮತ್ತು ವಿಜ್ಞಾನಕಥೆಯ ಸಂಗೀತ ನಾಟಕ

ವಿಜ್ಞಾನಕಥೆಯನ್ನು ರಂಗಕ್ಕೆ ತರಹೊರಟವರು ಮೊದಲು ಯಂತ್ರಗಳನ್ನು ಹುಡುಕುತ್ತಾರೆ. ಆಕಾಶನೌಕೆ, ಹೊಗೆ, ಮಿನುಗುವ ಗುಂಡಿಗಳು ಎಲ್ಲ ಸಿನಿಮಾ ಹಚ್ಚಿದ ಚಾಳಿ. 1999ರಲ್ಲಿ ನ್ಯೂಯಾರ್ಕ್ ಅಂತರರಾಷ್ಟ್ರೀಯ ಫ್ರಿಂಜ್ ಉತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡ 'ಯೂರಿನ್‌ಟೌನ್'ನಲ್ಲಿ ಇವು ಯಾವುವೂ ಇಲ್ಲ. ಅಲ್ಲಿರುವುದು ಒಂದು ಸಾರ್ವಜನಿಕ ಶೌಚಾಲಯ, ಅದರ ಮುಂದೆ ಚಿಲ್ಲರೆ ಎಣಿಸುತ್ತ ಸಾಲುಗಟ್ಟಿದ ಬಡವರು ಮತ್ತು ಇಪ್ಪತ್ತು ವರ್ಷಗಳ ಬರ. ಗ್ರೆಗ್ ಕೋಟಿಸ್ ಕಥೆ ಹೆಣೆದು, ಮಾರ್ಕ್ ಹಾಲ್‌ಮನ್ ಸಂಗೀತ ಕೂಡಿಸಿ, ಇಬ್ಬರೂ ಸೇರಿ ಹಾಡು ಬರೆದ ಈ ನಾಟಕವನ್ನು ಬ್ರಾಡ್‌ವೇ ಸಂಪ್ರದಾಯದ ಅಣಕವೆಂದು ಓದುವುದು ರೂಢಿ. ಅಣಕ ಅದರಲ್ಲಿ ಧಾರಾಳವಾಗಿದೆ. ಆದರೆ ಅದು ಕಟ್ಟುನಿಟ್ಟಾದ ಅರ್ಥದಲ್ಲಿ ವಿಜ್ಞಾನಕಥೆಯೂ ಹೌದು, ಹಾಗಾಗಲು ಫ್ರಿಂಜ್ ರಂಗದ ಬಡತನವೂ ನೆರವಾಯಿತು ಎಂಬುದು ಈ ಲೇಖನದ ವಾದ.

ಫ್ರಿಂಜ್ ಹುಟ್ಟಿದ್ದೇ ಕರೆಯದೆ ಬಂದವರಿಂದ. 1947ರ ಮೊದಲ ಎಡಿನ್‌ಬರೋ ಉತ್ಸವಕ್ಕೆ ಆಹ್ವಾನವಿಲ್ಲದ ಎಂಟು ತಂಡಗಳು ಬಂದು ಉತ್ಸವದ ಅಂಚಿನಲ್ಲಿ ಆಡಿದವು. ನ್ಯೂಯಾರ್ಕಿನ ಫ್ರಿಂಜ್ 1997ರಲ್ಲಿ ಶುರುವಾಯಿತು. ಎಡಿನ್‌ಬರೋದಂತೆ ಅದು ಎಲ್ಲರಿಗೂ ತೆರೆದ ಬಾಗಿಲಾಗಿರಲಿಲ್ಲ, ಅಲ್ಲಿ ಆಯ್ಕೆಯಿತ್ತು. ರಂಗದ ಕಷ್ಟ ಮಾತ್ರ ಎರಡೂ ಕಡೆ ಒಂದೇ. ಒಂದೇ ಜಾಗದಲ್ಲಿ ದಿನಕ್ಕೆ ಹಲವು ನಾಟಕ, ಒಂದು ತಂಡ ಹೊರಬೀಳುತ್ತಿದ್ದಂತೆ ಕೆಲವೇ ನಿಮಿಷಗಳಲ್ಲಿ ಇನ್ನೊಂದು ತಂಡ ಸಜ್ಜಾಗಬೇಕು. ಭಾರದ ರಂಗಸಜ್ಜಿಕೆಗೆ ಅವಕಾಶವೇ ಇಲ್ಲ.

ಅಗ್ಗದ ರಂಗದಲ್ಲಿ ಹುಟ್ಟಿದ ಹಿಂದಿನ ಎರಡು ಸಂಗೀತ ನಾಟಕಗಳು ಈ ಕೊರತೆಯನ್ನು ತುಂಬಿಕೊಂಡದ್ದು ಪ್ರೇಕ್ಷಕರ ಸಿನಿಮಾ ನೆನಪಿನಿಂದ. ರಿಚರ್ಡ್ ಓಬ್ರಿಯನ್ನರ 'ದಿ ರಾಕಿ ಹಾರರ್ ಶೋ' 1973ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದ ಮಹಡಿಯ ಪುಟ್ಟ ರಂಗದಲ್ಲಿ ತೆರೆಕಂಡಿತು. ಅದರ ಮೊದಲ ಹಾಡೇ ಹಳೆಯ ವಿಜ್ಞಾನಚಿತ್ರಗಳ ಸ್ಮರಣೆ. ಬಾಬ್ ಕಾರ್ಲ್‌ಟನ್ನರ 'ರಿಟರ್ನ್ ಟು ದಿ ಫರ್ಬಿಡನ್ ಪ್ಲಾನೆಟ್' ಮೊದಲು ಡೇರೆಯಲ್ಲಿ ಆಡಿದ ನಾಟಕ. 1956ರ ಚಲನಚಿತ್ರ, ಆ ಚಿತ್ರಕ್ಕೆ ಮೂಲವಾದ ಶೇಕ್ಸ್‌ಪಿಯರನ 'ದಿ ಟೆಂಪೆಸ್ಟ್', ಐವತ್ತು-ಅರವತ್ತರ ದಶಕಗಳ ರಾಕ್ ಅಂಡ್ ರೋಲ್ ಹಾಡುಗಳು ಅದರಲ್ಲಿ ಒಂದಾಗಿದ್ದವು. 'ಮಿಸ್ ಸೈಗಾನ್'ನಂಥ ವೈಭವದ ನಾಟಕವನ್ನು ಹಿಂದಿಕ್ಕಿ ಇದು ಅತ್ಯುತ್ತಮ ಸಂಗೀತ ನಾಟಕಕ್ಕೆ ಸಲ್ಲುವ ಒಲಿವಿಯರ್ ಪ್ರಶಸ್ತಿ ಪಡೆಯಿತು. ಇಬ್ಬರೂ ಜಾಣರೇ. ಆದರೆ ಅವರ ನಾಟಕಗಳಲ್ಲಿ ವಿಜ್ಞಾನಕಥೆಯೆಂಬುದು ಒಂದು ವೇಷ. ಅದನ್ನು ಕಳಚಿಟ್ಟರೂ ಕಥೆ ನಡೆದೀತು.

ಯೂರಿನ್‌ಟೌನ್‌ನಲ್ಲಿ ಹಾಗೆ ಕಳಚಲಾಗುವುದಿಲ್ಲ. ಕೈಯಲ್ಲಿ ಹೆಚ್ಚು ಕಾಸಿಲ್ಲದೆ ಯುರೋಪು ಸುತ್ತುತ್ತಿದ್ದಾಗ ಕಾಸು ಕೊಟ್ಟು ಬಳಸುವ ಶೌಚಾಲಯವನ್ನು ಕಂಡ ಕೋಟಿಸ್‌ಗೆ ಈ ನಾಟಕದ ಎಳೆ ಹೊಳೆಯಿತು. ಅವರು ಮಾಡಿದ್ದು ಒಂದೇ ಬದಲಾವಣೆ: ನೀರು ಮುಗಿಯುತ್ತ ಬಂದಿದೆ, ಆದ್ದರಿಂದ ಮನೆಯ ಶೌಚಾಲಯಗಳು ಹೋಗಿವೆ. ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. ಶೌಚಾಲಯಗಳ ಏಕಸ್ವಾಮ್ಯ ಹಿಡಿದ ಕಂಪನಿ, ಅದರ ಧಣಿ ಕ್ಲಾಡ್‌ವೆಲ್, ಲಂಚ ತಿನ್ನುವ ಸೆನೆಟರ್, ಏರುವ ಶುಲ್ಕ, ಕಾಸಿಲ್ಲದೆ ಬೀದಿಯಲ್ಲೇ ಮೂತ್ರ ಮಾಡಿ ಸಿಕ್ಕಿಬೀಳುವ ಮುದುಕ, ದಂಗೆ ಏಳುವ ಅವನ ಮಗ ಬಾಬಿ. ಡಾರ್ಕೊ ಸುವಿನ್ 1979ರ ತಮ್ಮ 'ಮೆಟಮಾರ್ಫೋಸೀಸ್ ಆಫ್ ಸೈನ್ಸ್ ಫಿಕ್ಷನ್' ಗ್ರಂಥದಲ್ಲಿ ಇಂಥ ಒಂದೇ ಹೊಸತನ್ನು 'ನೋವಂ' ಎಂದು ಕರೆದು, ಅದರಿಂದ ತರ್ಕಬದ್ಧವಾಗಿ ಬೆಳೆಯುವ ಅಪರಿಚಿತ ಲೋಕವೇ ವಿಜ್ಞಾನಕಥೆಯ ಲಕ್ಷಣ ಎಂದರು. ಸುವಿನ್ ನಾಟಕಕಾರ ಬ್ರೆಕ್ಟ್‌ನನ್ನು ಕುರಿತ ವಿದ್ವಾಂಸರೂ ಹೌದು. ಅವರು ಹೇಳುವ ಅಪರಿಚಿತೀಕರಣದ ಬೇರುಗಳಲ್ಲೊಂದು ಬ್ರೆಕ್ಟ್‌ನ ರಂಗಸಿದ್ಧಾಂತದಲ್ಲಿದೆ. ಹಾಗಾಗಿ ವಿಜ್ಞಾನಕಥೆಯ ನಡುವೆ ಪಾತ್ರಗಳು ಹಾಡತೊಡಗಿದರೆ ಕಥೆ ಕೆಡುತ್ತದೆಂಬ ಆಕ್ಷೇಪಕ್ಕೆ ಬಲವಿಲ್ಲ. ಕಥೆಯನ್ನು ತಡೆದು ಪ್ರೇಕ್ಷಕನನ್ನು ಎಚ್ಚರಿಸುವ ಹಾಡು ಮತ್ತು ನೋವಂ ಒಂದೇ ಮನೆತನದವು.

ಹಾಲ್‌ಮನ್ನರ ಸಂಗೀತವೂ ಇದನ್ನೇ ಹೇಳುತ್ತದೆ. ಅದರ ಹಿಂದೆ ಬ್ರೆಕ್ಟ್ ಮತ್ತು ಕುರ್ಟ್ ವೈಲ್ ಕೂಡಿ ಕಟ್ಟಿದ 1928ರ 'ದಿ ತ್ರೀಪೆನ್ನಿ ಅಪೆರಾ' ಸ್ಪಷ್ಟವಾಗಿ ಕೇಳಿಸುತ್ತದೆ. ಕೆ.ವಿ. ಸುಬ್ಬಣ್ಣನವರ 'ಮೂರು ಕಾಸಿನ ಸಂಗೀತ ನಾಟಕ'ದ ಮೂಲಕ ಆ ಕೃತಿಯನ್ನು ಬಲ್ಲ ಕನ್ನಡ ಓದುಗರಿಗೆ ಈ ನಂಟು ಹಿಡಿಯಲು ಕಷ್ಟವಾಗದು. ಯೂರಿನ್‌ಟೌನ್‌ನ ಹಿಮ್ಮೇಳ ಬ್ರಾಡ್‌ವೇಗೆ ಹೋದಾಗಲೂ ಐದೇ ಜನರದ್ದು. ಪಿಯಾನೊ, ಡ್ರಮ್, ಬಾಸ್, ಜೊತೆಗೆ ಊದುವ ವಾದ್ಯಗಳಿಗೆ ಇಬ್ಬರು. ನಿರೂಪಕನಾಗಿ ನಿಲ್ಲುವವನು ಲಾಕ್‌ಸ್ಟಾಕ್ ಎಂಬ ಪೊಲೀಸ್ ಅಧಿಕಾರಿ. ಪುಟ್ಟ ಸ್ಯಾಲಿ ಎಂಬ ಹುಡುಗಿ ನೀರಿನ ಬರದಲ್ಲಿ ಬೇರೆ ಕೆಲಸಗಳ ಗತಿಯೇನು ಎಂದು ಕೇಳಿದರೆ, ಸಂಗೀತ ನಾಟಕ ಒಂದೇ ದೊಡ್ಡ ವಿಷಯಕ್ಕೆ ಅಂಟಿಕೊಳ್ಳುವುದು ಲೇಸು ಎಂಬರ್ಥದ ಉತ್ತರ ಅವನದು. ತಮಾಷೆಯಂತೆ ಕಾಣುವ ಈ ಮಾತು ಕೃತಿಯ ವಿಧಾನವನ್ನೇ ಬಿಟ್ಟುಕೊಡುತ್ತದೆ. ಬರಗಾಲದ ನಗರವನ್ನು ತೋರಿಸಲು ಹಣವಿಲ್ಲದ ತಂಡ ಅದನ್ನು ಮಾತಿನಲ್ಲಿ ಸ್ಥಾಪಿಸಿ, ಸ್ಥಾಪಿಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳುತ್ತದೆ. ನಮ್ಮ ಯಕ್ಷಗಾನದ ಭಾಗವತ ಕಥೆಯ ಹೊಣೆ ಹೊತ್ತವನು; ಲಾಕ್‌ಸ್ಟಾಕ್ ಕಥೆ ಹೇಳುತ್ತಲೇ ಅದರೊಳಗಿನ ಕೊಲೆಗಳಲ್ಲಿ ಕೈಯಾಡಿಸುತ್ತಾನೆ.

ಕೃತಿಯ ನಿಜವಾದ ಬಿಗಿ ಇರುವುದು ಕೊನೆಯ ಭಾಗದಲ್ಲಿ. ಶಿಕ್ಷೆಗೊಳಗಾದವರನ್ನು ಕಳುಹಿಸುವ ಯೂರಿನ್‌ಟೌನ್ ಎಂಬ ಊರೇ ಇಲ್ಲ. ಆ ಹೆಸರಿನ ಅರ್ಥ ಸಾವು. ಬಾಬಿಯನ್ನು ಕಟ್ಟಡದ ಮೇಲಿಂದ ತಳ್ಳುತ್ತಾರೆ. ಧಣಿಯ ಮಗಳು ಹೋಪ್ ದಂಗೆಯ ನಾಯಕಿಯಾಗಿ ತಂದೆಗೂ ಅದೇ ಗತಿ ಕಾಣಿಸಿ, ಶೌಚಾಲಯಗಳನ್ನು ಎಲ್ಲರಿಗೂ ತೆರೆಯುತ್ತಾಳೆ. ಈವರೆಗೆ ಸ್ವಾತಂತ್ರ್ಯದ ಹಾಡುಗಳು ಪ್ರೇಕ್ಷಕರನ್ನು ಬಂಡಾಯದ ಕಡೆಗೇ ಒಯ್ದಿವೆ. ಅವುಗಳಲ್ಲಿ ಚರ್ಚಿನ ಭಜನೆಯ ಧಾಟಿಯೂ ಉಂಟು. ಆದರೆ ನೀರಿನ ಲೆಕ್ಕ ಹಾಡಿಗೆ ಮಣಿಯುವುದಿಲ್ಲ. ಇದ್ದ ನೀರು ತೀರುತ್ತದೆ, ಜನ ಸಾಯುತ್ತಾರೆ, ಕ್ರೂರಿ ಕ್ಲಾಡ್‌ವೆಲ್‌ನ ಆಡಳಿತವೇ ನೀರನ್ನು ಉಳಿಸಿತ್ತೆಂದು ತಿಳಿಯುತ್ತದೆ. ಜನಸಂಖ್ಯೆಯ ಚಿಂತಕ ಮಾಲ್ಥಸ್‌ಗೆ ಜೈ ಎನ್ನುತ್ತ ತೆರೆ ಬೀಳುತ್ತದೆ. ಸಂಗೀತ ನಾಟಕದ ಸುಖಾಂತ್ಯಕ್ಕಾಗಿ ಮೊದಲ ಊಹೆಯನ್ನು ಕೈಬಿಟ್ಟಿದ್ದರೆ ಇದು ಬರಿಯ ಅಣಕವಾಗಿ ಉಳಿಯುತ್ತಿತ್ತು.

ಫ್ರಿಂಜ್‌ನಲ್ಲಿ ಇದನ್ನು ಕಂಡ ನಾಟಕಕಾರ ಡೇವಿಡ್ ಆಬರ್ನ್ ನಿರ್ಮಾಪಕರಿಗೆ ಸುದ್ದಿ ಮುಟ್ಟಿಸಿದರು. 2001ರ ಮೇ ತಿಂಗಳಲ್ಲಿ ಬ್ರಾಡ್‌ವೇ ಹೊರಗಿನ ರಂಗ, ಸೆಪ್ಟೆಂಬರ್ 20ರಂದು ಬ್ರಾಡ್‌ವೇಯ ಹೆನ್ರಿ ಮಿಲ್ಲರ್ಸ್ ರಂಗಮಂದಿರ. 13ಕ್ಕೆ ನಿಗದಿಯಾಗಿದ್ದ ಉದ್ಘಾಟನೆ ನಗರದ ಮೇಲಾದ ದಾಳಿಯಿಂದ ಮುಂದೆ ಹೋಗಿತ್ತು. 2002ರಲ್ಲಿ ಕಥನ, ಸಂಗೀತ, ನಿರ್ದೇಶನಗಳಿಗೆ ಟೋನಿ ಪ್ರಶಸ್ತಿಗಳು ಬಂದವು, ಅತ್ಯುತ್ತಮ ಸಂಗೀತ ನಾಟಕದ ಪ್ರಶಸ್ತಿ ಬೇರೆಯವರ ಪಾಲಾಯಿತು. 2004ರ ಜನವರಿಯಲ್ಲಿ, 965 ಪ್ರದರ್ಶನಗಳ ನಂತರ, ಬ್ಯಾಂಕೊಂದರ ಗಗನಚುಂಬಿಗಾಗಿ ಆ ರಂಗಮಂದಿರವನ್ನು ಕೆಡವಬೇಕಾಗಿ ಬಂದಾಗ ನಾಟಕ ನಿಂತಿತು. ಕ್ಲಾಡ್‌ವೆಲ್ ಇದನ್ನು ಮೆಚ್ಚುತ್ತಿದ್ದ.

ಎರಡು ಮಿತಿಗಳನ್ನು ಹೇಳಬೇಕು. ನೋವಂ ಹೊಸತಾಗಿ ಕಾಣುವುದು ನೋಡುವವರ ಬದುಕನ್ನು ಅವಲಂಬಿಸಿದೆ. ಬಿಂದೇಶ್ವರ ಪಾಠಕ್ 1974ರಲ್ಲಿ ಪಟ್ನಾದಲ್ಲಿ ಆರಂಭಿಸಿದ ಸುಲಭ್ ಶೌಚಾಲಯದ ಮಾದರಿ ದೇಶವೆಲ್ಲ ಹರಡಿದ ಮೇಲೆ, ಬಸ್ ನಿಲ್ದಾಣದಲ್ಲಿ ನಾಣ್ಯ ತೆತ್ತು ಒಳಹೋಗುವ ಭಾರತೀಯನಿಗೆ ಈ ನಾಟಕದ ಮೊದಲ ದೃಶ್ಯ ಅಪರಿಚಿತವಲ್ಲ. ನಮ್ಮಲ್ಲಿ ಇದು ಭವಿಷ್ಯದ ಕಥೆಗಿಂತ ವರ್ತಮಾನದ ಪ್ರಹಸನವಾಗುವ ಸಂಭವವೇ ಹೆಚ್ಚು. ಎರಡನೆಯದು ಇನ್ನೂ ತೊಡಕಿನದು. 1798ರ ಮಾಲ್ಥಸ್‌ನ ಪ್ರಬಂಧ ಜನಸಂಖ್ಯೆಯನ್ನು ಆಹಾರದ ಎದುರು ಇಟ್ಟು ತೂಗಿತು. ಬಡವರ ಹೆಚ್ಚಳವೇ ಅಲ್ಲಿ ಆತಂಕದ ಕೇಂದ್ರ. ಅವನನ್ನು ಕೊನೆಯ ಮಾತಿಗೆ ಕರೆತಂದ ನಾಟಕ ನೀರು ಎಷ್ಟಿದೆ ಎಂದು ಕೇಳುತ್ತದೆ, ಯಾರು ಎಷ್ಟು ಬಳಸಿದರೆಂದು ಕೇಳುವುದಿಲ್ಲ. ಕ್ಲಾಡ್‌ವೆಲ್‌ನ ಶುಲ್ಕ ಬಡವರ ಬಳಕೆಯನ್ನು ತಗ್ಗಿಸಿತು, ಅವನ ಕಚೇರಿಯ ಬಳಕೆ ಎಷ್ಟಿತ್ತೋ ನಾಟಕ ತೋರಿಸದು. ಬಂಡಾಯಗಾರರ ಸೋಲಿಗೆ ಬರವೇ ಕಾರಣವೋ ಹಂಚಿಕೆಯೋ ಎಂಬ ಪ್ರಶ್ನೆಯನ್ನು ಬ್ರೆಕ್ಟ್ ಆಗಿದ್ದರೆ ಮೊದಲ ಅಂಕದಲ್ಲೇ ಎತ್ತುತ್ತಿದ್ದ.