ಸೆಸ್ನಾ 150, 152: ಹಳೆಯ ತರಬೇತಿ ವಿಮಾನದ ಬೆಲೆ ಎಲ್ಲಿ ಅಡಗಿದೆ?

ಅಮೆರಿಕದಲ್ಲಿ ಎರಡು ಸೀಟಿನ ಹಳೆಯ ತರಬೇತಿ ವಿಮಾನ ಹುಡುಕುವವರಿಗೆ ಹೆಚ್ಚಾಗಿ ಸಿಗುವುದು ಸೆಸ್ನಾ 150 ಇಲ್ಲವೇ 152. ಮೊದಲನೆಯದರ ತಯಾರಿಕೆ 1977ಕ್ಕೆ ಮುಗಿಯಿತು, ಎರಡನೆಯದರದ್ದು 1985ಕ್ಕೆ. ಮರುವರ್ಷ ಕಂಪನಿ ಪಿಸ್ಟನ್ ಎಂಜಿನ್‌ನ ವಿಮಾನಗಳನ್ನೇ ಕೈಬಿಟ್ಟಿತು. ಪರಿಹಾರದ ಮೊಕದ್ದಮೆಗಳ ಹೊರೆಯೇ ಕಾರಣವೆಂದಿತು. 18 ವರ್ಷ ದಾಟಿದ ವಿಮಾನಗಳ ವಿಷಯದಲ್ಲಿ ತಯಾರಕರ ಹೊಣೆಗೆ 1994ರ ಕಾನೂನು ಮಿತಿ ಹಾಕಿದ ಮೇಲೆ ನಾಲ್ಕು ಸೀಟಿನ 172 ಮರಳಿತು, 152 ಮರಳಲಿಲ್ಲ. ಆದ್ದರಿಂದ ಇಲ್ಲಿ ಕೊಳ್ಳುವುದೆಂದರೆ ಹಳೆಯದನ್ನೇ ಕೊಳ್ಳುವುದು.

ಬೆಲೆ ನಿಂತಿರುವುದು ಎಂಜಿನ್‌ನ ಮೇಲೆ. 150ರ 100 ಅಶ್ವಶಕ್ತಿಯ ಕಾಂಟಿನೆಂಟಲ್ ಒ-200 ಎಂಜಿನ್‌ಗೆ ತಯಾರಕರು ಸೂಚಿಸಿದ ಓವರ್‌ಹಾಲ್ ಅವಧಿ 1,800 ಗಂಟೆ. ಖಾಸಗಿ ಬಳಕೆದಾರನಿಗೆ ಇದು ಸಲಹೆಯೇ ಹೊರತು ಕಟ್ಟಳೆಯಲ್ಲ. ಆದರೂ ಲೆಕ್ಕಕ್ಕೆ ಇದೇ ಆಧಾರ. ಓವರ್‌ಹಾಲ್‌ಗೆ 27,000 ಡಾಲರ್ ಎಂದಿಟ್ಟುಕೊಳ್ಳಿ: ಹಾರಿದ ಪ್ರತಿ ಗಂಟೆಗೆ 15 ಡಾಲರ್ ಸವೆಯುತ್ತದೆ. ಓವರ್‌ಹಾಲ್ ಆದ ಮೇಲೆ 1,200 ಗಂಟೆ ಓಡಿದ ಎಂಜಿನ್ ಕೊಂಡವನು, ಮಾರಿದವನು ಸವೆಸಿದ 18,000 ಡಾಲರನ್ನೂ ತಲೆಮೇಲೆ ಹೊತ್ತುಕೊಂಡಂತೆ.

ಹಾಗೆಂದು ಕಡಿಮೆ ಗಂಟೆಯ ಎಂಜಿನ್ ಕಂಡೊಡನೆ ಹಿಗ್ಗಬೇಕಿಲ್ಲ. ವರ್ಷಗಟ್ಟಲೆ ಹ್ಯಾಂಗರಿನಲ್ಲಿ ನಿಂತ ಎಂಜಿನ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಈ ವಿಷಯದಲ್ಲಿ ಎರಡು ಮಾದರಿಗಳೂ ಒಂದೇ ಅಲ್ಲ. 152ರ ಲೈಕಮಿಂಗ್ ಒ-235ರಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಮೇಲಿದೆ. ಎಂಜಿನ್ ಸುಮ್ಮನಿದ್ದರೆ ಎಣ್ಣೆ ಇಳಿದುಹೋಗಿ ಕ್ಯಾಮ್ ಒಣಗುತ್ತದೆ. ಒ-200ರಲ್ಲಿ ಅದು ಕೆಳಗಿರುವುದರಿಂದ ಈ ಅಪಾಯ ಕಡಿಮೆ. ಆದರೆ ಒ-200 ರೂಪುಗೊಂಡದ್ದು 80 ಆಕ್ಟೇನಿನ ಇಂಧನಕ್ಕೆ. ಇಂದು ದೊರೆಯುವ 100 ಆಕ್ಟೇನಿನ ಇಂಧನದಲ್ಲಿ ಸೀಸದ ಮಿತಿ ಅದರ ನಾಲ್ಕು ಪಟ್ಟು. ಸ್ಪಾರ್ಕ್ ಪ್ಲಗ್‌ಗಳಲ್ಲಿ ಸೀಸ ಕಟ್ಟಿಕೊಳ್ಳುತ್ತದೆ. ನನ್ನ ಮಟ್ಟಿಗೆ, ವಾರವಾರವೂ ಹಾರುತ್ತಿರುವ 1,200 ಗಂಟೆಯ ಎಂಜಿನ್, ಹತ್ತು ವರ್ಷ ನಿಂತಿದ್ದ 300 ಗಂಟೆಯದಕ್ಕಿಂತ ಮೇಲು.

ಹಾರಿದರೂ ಹಾರದಿದ್ದರೂ ತಪ್ಪದ ಖರ್ಚುಗಳಿವೆ: ಹ್ಯಾಂಗರ್ ಬಾಡಿಗೆ, ವಿಮೆ, ಕಡ್ಡಾಯ ವಾರ್ಷಿಕ ತಪಾಸಣೆ. ಇವು ವರ್ಷಕ್ಕೆ 6,000 ಡಾಲರ್ ಆದರೆ, 50 ಗಂಟೆ ಹಾರುವವನಿಗೆ ಗಂಟೆಗೆ 120 ಬೀಳುತ್ತದೆ, 150 ಗಂಟೆ ಹಾರುವವನಿಗೆ 40. ಗಂಟೆಗೆ ಸುಮಾರು ಆರು ಗ್ಯಾಲನ್ ಇಂಧನ ಇದರ ಮೇಲೆ. ಇಂಧನದ ದರಕ್ಕೆ ಗೊಣಗುವವರು ಈ ಭಾಗಾಕಾರವನ್ನು ಮರೆತಿರುತ್ತಾರೆ. ಎಣ್ಣೆ ಬದಲಿಸುವುದು, ಟೈರ್ ಹಾಕುವುದು ಮುಂತಾದ ಸಣ್ಣ ಕೆಲಸಗಳನ್ನು ಪೈಲಟ್ ಲೈಸೆನ್ಸ್ ಇರುವ ಮಾಲೀಕನೇ ಮಾಡಬಹುದು. ವಿಮಾನವನ್ನು ಬಾಡಿಗೆಗೆ, ತರಬೇತಿಗೆ ಕೊಟ್ಟು ಖರ್ಚು ಹಂಚಬಹುದೆಂಬ ಯೋಚನೆಗೂ ಬೆಲೆಯುಂಟು: ಆಗ 100 ಗಂಟೆಗೊಮ್ಮೆ ಬೇರೆಯೇ ತಪಾಸಣೆ ಆಗಬೇಕು, ವಿಮೆಯೂ ಏರುತ್ತದೆ.

ಕೊಳ್ಳುವ ಮುನ್ನ ಒಕ್ಲಹೋಮ ಸಿಟಿಯಲ್ಲಿರುವ ನೋಂದಣಿ ದಾಖಲೆಯಲ್ಲಿ ಸಾಲದ ಬಾಧ್ಯತೆ ಇದೆಯೇ ಎಂದು ನೋಡಿಸಿ. ಮಾರುವವನ ಮೆಕ್ಯಾನಿಕ್ ಬೇಡ, ಬೇರೊಬ್ಬನಿಂದ ಸಿಲಿಂಡರ್ ಪರೀಕ್ಷೆ ಮಾಡಿಸಿ. ಲಾಗ್‌ಬುಕ್ ಕಳೆದುಹೋಗಿದೆ ಎಂದರೆ, ಬಣ್ಣ ಎಷ್ಟೇ ಹೊಸದಿರಲಿ, ಆ ವಿಮಾನವನ್ನು ಬಿಟ್ಟುಬಿಡುವುದೇ ಲೇಸು.