ತೂರುವ ಯಂತ್ರ ನಡೆದು ಬಂದ ದಾರಿ



ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಈಗ ಪೇಟೆಯವರು ಇದನ್ನು ವ್ಯಾಪಾರಕ್ಕೂ ರಾಜಕೀಯಕ್ಕೂ ಬಳಸುತ್ತಾರೆ. ಆದರೆ ಈ ಮಾತು ಹುಟ್ಟಿದ್ದು ಕಣದಲ್ಲಿ. ಒಕ್ಕಿದ ರಾಶಿ ಬಿದ್ದಿದೆ, ಆಳುಗಳು ಬಂದಿದ್ದಾರೆ, ಮೊರ ಸಿದ್ಧವಾಗಿದೆ. ಗಾಳಿ ಮಾತ್ರ ಇಲ್ಲ. ಒಂದು ಎಲೆಯೂ ಅಲುಗುವುದಿಲ್ಲ. ಆಚೆ ಮೋಡ ಕಟ್ಟುತ್ತಿದೆ. ಸಂಜೆಗೆ ಗಾಳಿ ಎದ್ದರೆ ಬೆಳದಿಂಗಳಲ್ಲೇ ತೂರಬೇಕು. ಏಳದಿದ್ದರೆ ರಾಶಿಯ ಮೇಲೆ ಹುಲ್ಲು ಹೊದಿಸಿ, ಪಕ್ಕದಲ್ಲೇ ಕಾವಲು ಮಲಗಬೇಕು. ವರ್ಷವೆಲ್ಲ ದುಡಿದ ಫಲ ಕಣಕ್ಕೆ ಬಂದ ಮೇಲೂ ಮನೆಗೆ ಬಂದಂತಲ್ಲ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಹಾಗಾದರೆ, ಗಾಳಿಯನ್ನು ಕಾಯುವ ಬದಲು ನಾವೇ ಗಾಳಿ ಮಾಡಿಕೊಂಡರೆ ಆಗದೆ ಎಂದು ಹಿಂದೆ ಯಾರಾದರೂ ಯೋಚಿಸಿದ್ದರೆ? ಯೋಚಿಸಿದ್ದರು. ಎರಡು ಸಾವಿರ ವರ್ಷದ ಹಿಂದೆಯೇ ಯೋಚಿಸಿ, ಯಂತ್ರವನ್ನೂ ಮಾಡಿದ್ದರು. ಆ ಯಂತ್ರ ಎಲ್ಲಿ ಹುಟ್ಟಿತು, ಹೇಗೆ ದೇಶ ಸುತ್ತಿತು, ಹೋದಲ್ಲಿ ಏನೇನು ಮಾತು ಕೇಳಿತು ಎಂಬುದನ್ನು ಇಂದು ನೋಡೋಣ. ಇದು ಬರಿಯ ಹಳೆಯ ಕಥೆಯಲ್ಲ. ನಮ್ಮ ಊರಿನ ಕಣಕ್ಕೂ ಇದರಲ್ಲಿ ಒಂದು ಪಾಠ ಉಂಟು.

ಗಾಳಿ ಮಾಡುವ ಕೆಲಸವೇನು?

ಮೊದಲು ತೂರುವಾಗ ಏನಾಗುತ್ತದೆ ನೋಡಿ. ಮೊರದಿಂದ ಬೀಳುವ ಕಾಳನ್ನು ಭೂಮಿ ಕೆಳಕ್ಕೆ ಸೆಳೆಯುತ್ತದೆ, ಗಾಳಿ ಪಕ್ಕಕ್ಕೆ ನೂಕುತ್ತದೆ. ತುಂಬಿದ ಕಾಳಿಗೆ ತೂಕ ಹೆಚ್ಚು, ಗಾಳಿಗೆ ಒಡ್ಡುವ ಮೈ ಕಡಿಮೆ. ಆದುದರಿಂದ ಅದು ಕಾಲಬುಡದಲ್ಲೇ ಬೀಳುತ್ತದೆ. ಹೊಟ್ಟಿಗೆ ಮೈಯೇ ಹೆಚ್ಚು, ತೂಕ ಇಲ್ಲ. ಅದು ದೂರ ಹಾರುತ್ತದೆ. ಜಳ್ಳು ಇವೆರಡರ ನಡುವೆ ಬೀಳುತ್ತದೆ.

ಲೆಕ್ಕದಲ್ಲಿ ಹೇಳುವುದಾದರೆ, ಕೆಳಗಿನಿಂದ ಗಾಳಿ ಊದಿ ಒಂದು ಗೋಧಿ ಕಾಳನ್ನು ಬೀಳದಂತೆ ತೇಲಿಸಿ ನಿಲ್ಲಿಸಲು ಸೆಕೆಂಡಿಗೆ ಸುಮಾರು 8-9 ಮೀಟರು ವೇಗದ ಗಾಳಿ ಬೇಕು. ಹೊಟ್ಟಿಗಾದರೆ 2-3 ಮೀಟರು ಸಾಕು. ಈ ಎರಡು ವೇಗಗಳ ನಡುವಣ ಅಂತರದಲ್ಲೇ ತೂರುವ ವಿದ್ಯೆಯೆಲ್ಲ ಅಡಗಿದೆ. ಗಾಳಿ ಕಡಿಮೆಯಾದರೆ ಹೊಟ್ಟು ಕಾಳಿನಲ್ಲಿ ಉಳಿಯುತ್ತದೆ. ಜೋರಾದರೆ ಕಾಳೇ ಹೊಟ್ಟಿನ ಜೊತೆ ಹೋಗುತ್ತದೆ. ರಾಗಿಯಂಥ ಸಣ್ಣ ಕಾಳಿಗೆ ಇನ್ನೂ ಮೆಲ್ಲನೆಯ ಗಾಳಿ ಬೇಕು. ಕಲ್ಲಿನ ಹರಳು, ಮಣ್ಣಿನ ಹೆಂಟೆ ಕಾಳಿನಷ್ಟೇ ಭಾರವಾಗಿದ್ದರೆ ಗಾಳಿ ಅದನ್ನು ಬೇರೆ ಮಾಡಲಾರದು. ಅದಕ್ಕೆ ಜರಡಿಯೇ ಆಗಬೇಕು. ಬೀಸುವ ಗಾಳಿ ನಮ್ಮ ಮಾತು ಕೇಳುವುದಿಲ್ಲವಲ್ಲ! ಮಾತು ಕೇಳುವ ಗಾಳಿ ಬೇಕೆಂಬ ಆಸೆಯಿಂದಲೇ ಯಂತ್ರ ಹುಟ್ಟಿತು.

ಚೀನಾ ದೇಶದ ಮರದ ಪೆಟ್ಟಿಗೆ

ಚೀನಾ ದೇಶದಲ್ಲಿ ಹಾನ್ ರಾಜವಂಶದ ಕಾಲದಲ್ಲಿ, ಅಂದರೆ ಇಂದಿಗೆ ಸುಮಾರು ಎರಡು ಸಾವಿರ ವರ್ಷದ ಹಿಂದೆ, ಸತ್ತವರ ಸಮಾಧಿಯಲ್ಲಿ ಮನೆ, ಒಲೆ, ಬಾವಿ, ಕೊಟ್ಟಿಗೆ ಮುಂತಾದವುಗಳ ಮಣ್ಣಿನ ಗೊಂಬೆಗಳನ್ನು ಇಡುವ ಪದ್ಧತಿ ಇತ್ತು. 1969ರಲ್ಲಿ ಹೆನಾನ್ ಪ್ರಾಂತ್ಯದ ಜಿಯುವಾನ್ ಎಂಬಲ್ಲಿ ಅಂಥ ಒಂದು ಸಮಾಧಿಯನ್ನು ಅಗೆದಾಗ, ತೂರುವ ಯಂತ್ರದ ಮಣ್ಣಿನ ಮಾದರಿ ಸಿಕ್ಕಿತು. ಸಮಾಧಿಯಲ್ಲಿ ಗೊಂಬೆ ಮಾಡಿ ಇಟ್ಟಿದ್ದರು ಎಂದರೆ, ಬದುಕಿದ್ದವರ ಮನೆಯಲ್ಲಿ ಆ ಯಂತ್ರ ಬಳಕೆಯಲ್ಲಿತ್ತು ಎಂದೇ ಅರ್ಥ.

ಯಂತ್ರದ ರಚನೆ ಬಲು ಸರಳ. ಮರದ ಉದ್ದನೆಯ ಪೆಟ್ಟಿಗೆ. ಅದರ ಒಂದು ತುದಿಯಲ್ಲಿ ದುಂಡನೆಯ ಗೂಡು. ಗೂಡಿನೊಳಗೆ ನಾಲ್ಕಾರು ಹಲಗೆಗಳ ಬೀಸಣಿಗೆ ಚಕ್ರ. ಚಕ್ರದ ಅಚ್ಚಿಗೆ ಹೊರಗೆ ಒಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಅಚ್ಚಿನ ಸುತ್ತ ಬಿಟ್ಟಿರುವ ಕಂಡಿಯಿಂದ ಗಾಳಿ ಒಳಕ್ಕೆ ಬಂದು, ಪೆಟ್ಟಿಗೆಯ ಉದ್ದಕ್ಕೂ ರಭಸದಿಂದ ಹಾಯುತ್ತದೆ. ಮೇಲುಗಡೆ ಕಾಳು ಸುರಿಯುವ ತೊಟ್ಟಿ. ತೊಟ್ಟಿಯ ಕೆಳಗೆ ಸರಿಸುವ ಹಲಗೆ. ಎಷ್ಟು ಸರಿಸಿದರೆ ಅಷ್ಟೇ ಕಾಳು ಇಳಿಯುತ್ತದೆ. ತುಂಬಿದ ಕಾಳು ನೇರ ಕೆಳಗಿನ ಬಾಯಿಯಿಂದ ಬರುತ್ತದೆ, ಹೊಟ್ಟು ಪೆಟ್ಟಿಗೆಯ ಆಚೆ ತುದಿಯಿಂದ ಹಾರಿ ಹೋಗುತ್ತದೆ. ಜಳ್ಳಿಗೆ ನಡುವೆ ಬೇರೊಂದು ಬಾಯಿ ಮಾಡುವುದೂ ಉಂಟು.

1313ರಲ್ಲಿ ಆ ದೇಶದ ವಾಂಗ್ ಝೆನ್ ಎಂಬ ಅಧಿಕಾರಿ ಬೇಸಾಯದ ಮೇಲೆ ಒಂದು ದೊಡ್ಡ ಗ್ರಂಥ ಬರೆದ. ಉತ್ತರದ ರೈತರ ಉಪಕರಣ ದಕ್ಷಿಣದವರಿಗೂ, ದಕ್ಷಿಣದವರದು ಉತ್ತರದವರಿಗೂ ತಿಳಿಯಲಿ ಎಂಬುದು ಆತನ ಆಸೆ. ಆದುದರಿಂದ ಓದು ಬಾರದವರೂ ನೋಡಿ ತಿಳಿಯುವಂತೆ ಪುಸ್ತಕದ ತುಂಬ ಚಿತ್ರ ಬರೆಸಿದ. ತೂರುವ ಯಂತ್ರವನ್ನು ಕೈಯಿಂದ ತಿರುಗಿಸುವುದೂ ಉಂಟು, ಕಾಲಿನಿಂದ ತುಳಿಯುವುದೂ ಉಂಟು, ಬರಿಗೈಲಿ ತೂರುವುದಕ್ಕಿಂತ ಇದರಿಂದ ಎಷ್ಟೋ ಪಾಲು ಹೆಚ್ಚು ಕೆಲಸವಾಗುತ್ತದೆ ಎಂದು ಆತ ತಿಳಿಸಿದ್ದಾನೆ. ನಮ್ಮಂಥ ವಿಸ್ತರಣಾ ಕೆಲಸದವರಿಗೆ ಈತ ಹಿರಿಯಣ್ಣನಿದ್ದಂತೆ.

ಅಷ್ಟಾದರೂ ಎಲ್ಲರೂ ಯಂತ್ರ ಹಿಡಿದರೆ? ಇಲ್ಲ. ಮುನ್ನೂರು ವರ್ಷದ ಮೇಲೆ, 1637ರಲ್ಲಿ, ಸೊಂಗ್ ಯಿಂಗ್‌ಶಿಂಗ್ ಎಂಬಾತ ಇನ್ನೊಂದು ಗ್ರಂಥ ಬರೆದ. ದಕ್ಷಿಣದ ಭತ್ತದ ಸೀಮೆಯಲ್ಲಿ ಎಲ್ಲರೂ ಯಂತ್ರದಿಂದಲೇ ಜಳ್ಳು ತೆಗೆಯುತ್ತಾರೆ. ಭತ್ತ ಕಡಿಮೆ ಇರುವ ಉತ್ತರದಲ್ಲಿ ಗೋಧಿ ತೂರಿದಂತೆ ಭತ್ತವನ್ನೂ ಗಾಳಿಗೆ ತೂರುತ್ತಾರೆ, ಅದು ಯಂತ್ರದಷ್ಟು ಅನುಕೂಲವಲ್ಲ ಎಂದು ಆತ ಬರೆದ. ನೋಡಿದಿರಾ? ಒಂದೇ ದೇಶದಲ್ಲಿ, ಒಂದೂವರೆ ಸಾವಿರ ವರ್ಷವಾದ ಮೇಲೂ ಯಂತ್ರ ಅರ್ಧ ದಾರಿಯಲ್ಲೇ ನಿಂತಿತ್ತು. ಒಳ್ಳೆಯ ಉಪಕರಣ ತನ್ನಷ್ಟಕ್ಕೆ ತಾನು ನಡೆದು ಹೋಗುವುದಿಲ್ಲ.

ಹಡಗು ಹತ್ತಿದ ಯಂತ್ರ

ಆಗ ಯೂರೋಪಿನಲ್ಲಿ ನಮ್ಮ ಹಾಗೆಯೇ ಗಾಳಿ ಕಾಯುತ್ತಿದ್ದರು. ಅಲ್ಲಿ ಮಳೆ, ಹಿಮ ಹೆಚ್ಚಾದುದರಿಂದ ಕಣ ಮನೆಯೊಳಗೆ ಇರುತ್ತಿತ್ತು. ಕಣದ ಮನೆಗೆ ಎದುರುಬದುರು ಎರಡು ದೊಡ್ಡ ಬಾಗಿಲು. ಎರಡನ್ನೂ ತೆರೆದು, ನಡುವೆ ಹಾಯುವ ಗಾಳಿಯಲ್ಲಿ ತೂರುವುದು. ಗಾಳಿ ಇಲ್ಲದ ದಿನ ಬಾಗಿಲು ತೆರೆದೂ ಫಲವಿಲ್ಲ.

ಕ್ರಿಸ್ತಶಕ 1700ರ ನಂತರ ಡಚ್ಚರ ಹಡಗುಗಳ ಮೂಲಕ ಚೀನಾದ ಯಂತ್ರ ಹಾಲೆಂಡಿಗೆ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಜಾವಾ ದ್ವೀಪದ ಬಟೇವಿಯಾ, ಅಂದರೆ ಈಗಿನ ಜಕಾರ್ತಾ, ಆಗ ಡಚ್ಚರ ಕೈಯಲ್ಲಿತ್ತು. ಅಲ್ಲಿ ಚೀನೀಯರು ಬಹಳ ಮಂದಿ ನೆಲೆಸಿದ್ದರು.

ಅಲ್ಲಿಂದ ಮುಂದೆ ಸ್ಕಾಟ್ಲೆಂಡಿಗೆ. 1710ರಲ್ಲಿ ಸಾಲ್ಟೌನ್ ಎಂಬ ಊರಿನ ಫ್ಲೆಚರ್ ಮನೆತನದವರು ಜೇಮ್ಸ್ ಮೀಕಲ್ ಎಂಬ ಯಂತ್ರಗಾರನೊಡನೆ ಕರಾರು ಮಾಡಿಕೊಂಡು, ಬಾರ್ಲಿ ಕಾಳಿನ ಸಿಪ್ಪೆ ತೆಗೆಯುವ ಗಿರಣಿಯ ಕೆಲಸ ಕಲಿತು ಬರಲೆಂದು ಅವನನ್ನು ಹಾಲೆಂಡಿಗೆ ಕಳುಹಿಸಿದರು. ಆತ ಗಿರಣಿಯ ವಿದ್ಯೆಯ ಜೊತೆಗೆ ತೂರುವ ಯಂತ್ರವನ್ನೂ ತಂದನೆಂದು ಹೇಳುತ್ತಾರೆ. 1737ರಲ್ಲಿ ಅದೇ ದೇಶದ ರಾಕ್ಸ್‌ಬರೋ ಸೀಮೆಯ ಆಂಡ್ರ್ಯೂ ರಾಡ್ಜರ್ ಎಂಬ ರೈತ ತಾನೇ ಇಂಥ ಯಂತ್ರ ಮಾಡಿ ಮಾರತೊಡಗಿದ. ಗಮನಿಸಿ, ಆತ ಹೊಲದಲ್ಲಿ ದುಡಿಯುವವನೇ.

ದೇವರ ಗಾಳಿ, ಪೆಟ್ಟಿಗೆಯ ಗಾಳಿ

ಅಲ್ಲಿ ಎಲ್ಲರೂ ಯಂತ್ರವನ್ನು ಆದರದಿಂದ ಕಂಡರೆ? ಇಲ್ಲ. ಗಾಳಿ ಬೀಸಿಸುವವನು ದೇವರು, ಮನುಷ್ಯ ಪೆಟ್ಟಿಗೆಯಲ್ಲಿ ಗಾಳಿ ಹುಟ್ಟಿಸುವುದು ಪಾಪ, ಇದು ಸೈತಾನನ ಗಾಳಿ ಎಂದು ಕೆಲವು ಭಕ್ತ ಜನ ಹೇಳಿದರು. ಈ ಮಾತು ಎಷ್ಟು ಹರಡಿತ್ತೆಂದರೆ, 1816ರಲ್ಲಿ ವಾಲ್ಟರ್ ಸ್ಕಾಟ್ ಎಂಬ ಪ್ರಸಿದ್ಧ ಲೇಖಕ ತನ್ನ 'ಓಲ್ಡ್ ಮಾರ್ಟಾಲಿಟಿ' ಎಂಬ ಕಾದಂಬರಿಯಲ್ಲಿ ಇದನ್ನು ತಂದ. ಒಡತಿಯ ಕಣದ ಮನೆಯಲ್ಲಿ ಆ ಯಂತ್ರದ ಕೆಲಸಕ್ಕೆ ಮಗ ಹೋಗಕೂಡದೆಂದು ಹಟ ಹಿಡಿಯುವ ಮುದುಕಿಯೊಬ್ಬಳು ಅದರಲ್ಲಿ ಬರುತ್ತಾಳೆ.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ಆದರೆ ಸ್ವಲ್ಪ ಯೋಚಿಸಿ. ಬಯಲಿನಲ್ಲಿ ಬೀಸುವ ಗಾಳಿಗೆ ಒಡೆಯನಿಲ್ಲ. ಅದು ಸಾಹುಕಾರನ ಕಣಕ್ಕೂ ಬಡವನ ಕಣಕ್ಕೂ ಒಂದೇ ಸಮನೆ ಬೀಸುತ್ತದೆ. ನಿಂತರೂ ಇಬ್ಬರಿಗೂ ನಿಲ್ಲುತ್ತದೆ. ಪೆಟ್ಟಿಗೆಯ ಗಾಳಿಗೆ ಮಾತ್ರ ಒಡೆಯನುಂಟು. ಪೆಟ್ಟಿಗೆ ಯಾರದೋ ಗಾಳಿಯೂ ಅವರದೇ. ಪಾಪ ಪುಣ್ಯದ ಮಾತು ಹಾಗಿರಲಿ, ಗಾಳಿಗೆ ಒಡೆಯ ಬಂದನೆಂಬ ಮಾತಂತೂ ನಿಜ.

ಅದು ಎಲ್ಲಿಗೆ ಮುಟ್ಟಿತು ಕೇಳಿ. ಹಾಲೆಂಡಿಗೆ ಹೋಗಿ ಬಂದ ಜೇಮ್ಸ್ ಮೀಕಲನ ಮಗ ಆಂಡ್ರ್ಯೂ ಮೀಕಲ್ 1786ರಲ್ಲಿ ಒಕ್ಕುವ ಯಂತ್ರ ಮಾಡಿ, 1788ರಲ್ಲಿ ಅದರ ಹಕ್ಕು ಪಡೆದ. ಮುಂದೆ ಒಕ್ಕುವುದು, ತೂರುವುದು ಎರಡನ್ನೂ ಒಂದೇ ಯಂತ್ರದಲ್ಲಿ ಸೇರಿಸಿದರು. ಇಂಗ್ಲೆಂಡಿನ ಕೂಲಿಗಾರರಿಗೆ ಚಳಿಗಾಲದಲ್ಲಿ ಬೇರೆ ಕೆಲಸ ಕಡಿಮೆ. ಕಣದ ಮನೆಯಲ್ಲಿ ಬಡಿಗೋಲಿನಿಂದ ತೆನೆ ಬಡಿದು, ಆ ಕೂಲಿಯಿಂದ ಚಳಿಗಾಲ ಕಳೆಯುತ್ತಿದ್ದರು. ಯಂತ್ರ ಬಂದು ಆ ಅನ್ನ ಹೋಯಿತು. 1830ರ ಆಗಸ್ಟ್ ತಿಂಗಳಲ್ಲಿ ಕೆಂಟ್ ಸೀಮೆಯ ಕೂಲಿಗಾರರು ರಾತ್ರಿ ಹೊತ್ತು ಒಂದು ಒಕ್ಕುವ ಯಂತ್ರವನ್ನು ಒಡೆದರು. ದಂಗೆ ಸೀಮೆಯಿಂದ ಸೀಮೆಗೆ ಹಬ್ಬಿತು. ಕೊನೆಗೆ 19 ಮಂದಿಯನ್ನು ಗಲ್ಲಿಗೆ ಹಾಕಿದರು. ಸುಮಾರು 500 ಮಂದಿಗೆ ಸಮುದ್ರದಾಚೆಗೆ ಗಡೀಪಾರು ಶಿಕ್ಷೆಯಾಯಿತು.

ಅವರ ಸಿಟ್ಟು ಕೈಯಿಂದ ತಿರುಗಿಸುವ ತೂರುವ ಯಂತ್ರದ ಮೇಲಲ್ಲ. ಅದು ನೂರು ವರ್ಷದಿಂದ ಆ ನಾಡಿನಲ್ಲಿತ್ತು. ಚಳಿಗಾಲದ ಕೂಲಿಯನ್ನು ಕಿತ್ತುಕೊಂಡು, ಬದಲಿಗೆ ಏನನ್ನೂ ಕೊಡದ ಏರ್ಪಾಡಿನ ಮೇಲೆ ಅವರ ಸಿಟ್ಟು.

ನಮ್ಮ ಕಣಕ್ಕೆ ಇದರ ಪಾಠ

ನಮ್ಮಲ್ಲಿಯೂ ಕೈಯಿಂದ ತಿರುಗಿಸುವ, ಕಾಲಿನಿಂದ ತುಳಿಯುವ, ಕರೆಂಟಿನ ಮೋಟಾರಿನ ತೂರುವ ಯಂತ್ರಗಳು ಬಂದವು. ಆಮೇಲೆ ಟ್ರ್ಯಾಕ್ಟರಿಗೆ ಜೋಡಿಸುವ ಒಕ್ಕಣೆ ಯಂತ್ರ ಬಂತು. ಈಗ ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲಿ ಕೊಯ್ದು, ಒಕ್ಕಿ, ತೂರಿ, ಕಾಳನ್ನಷ್ಟೇ ಸುರಿಯುವ ದೊಡ್ಡ ಕಟಾವು ಯಂತ್ರ ಓಡಾಡುತ್ತದೆ. ಅದರ ಹೊಟ್ಟೆಯೊಳಗೆ, ಜರಡಿಗೆ ಗಾಳಿ ಊದುತ್ತಾ ತಿರುಗುವುದು ಬೇರೇನೂ ಅಲ್ಲ, ಆ ಚೀನೀ ಪೆಟ್ಟಿಗೆಯ ಬೀಸಣಿಗೆಯ ವಂಶದ್ದೇ. ಆದುದರಿಂದ ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಈ ಮಾತುಗಳನ್ನು ನೆನಪಿನಲ್ಲಿಡಿ.

ಒಂದು: ಕಾಳು ಚೆನ್ನಾಗಿ ಒಣಗಿರಲಿ. ಹಸಿ ಹೊಟ್ಟು ಭಾರವಾಗಿ ಕಾಳಿಗೆ ಅಂಟಿಕೊಳ್ಳುತ್ತದೆ. ಎಂಥ ಗಾಳಿಯೂ ಅದನ್ನು ಬಿಡಿಸಲಾರದು.

ಎರಡು: ಕೆಲಸ ಶುರುವಾದ ಕೂಡಲೆ ಹೊಟ್ಟು ಬೀಳುವ ಕಡೆಯಿಂದ ಒಂದು ಹಿಡಿ ತೆಗೆದು ಅಂಗೈಲಿ ಉಜ್ಜಿ ನೋಡಿ. ಗಟ್ಟಿ ಕಾಳು ಸಿಕ್ಕಿದರೆ ಗಾಳಿ ಜೋರಾಯಿತು, ತಗ್ಗಿಸಿ. ಕಾಳಿನ ರಾಶಿಯಲ್ಲಿ ಹೊಟ್ಟು ಕಂಡರೆ ಗಾಳಿ ಸಾಲದು, ಇಲ್ಲವೇ ಕಾಳು ಒಮ್ಮೆಗೇ ಹೆಚ್ಚು ಇಳಿಯುತ್ತಿದೆ. ಬಾಡಿಗೆ ಯಂತ್ರದವನು ಅವಸರ ಮಾಡಿದರೂ ಇದನ್ನು ನೋಡದೆ ಬಿಡಬೇಡಿ. ಹೊಟ್ಟಿನಲ್ಲಿ ಹೋಗುವುದು ಅವನ ಕಾಳಲ್ಲ, ನಿಮ್ಮದು.

ಮೂರು: ಸೆರಗು, ಜಡೆ, ಪಂಚೆಯ ತುದಿ ತಿರುಗುವ ಚಕ್ರ ಮತ್ತು ಪಟ್ಟಿಗಳ ಹತ್ತಿರ ಹೋಗದಿರಲಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳನ್ನು ದೂರವಿಡಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಊರಿಗೆ ಯಂತ್ರ ತರುವ ಮೊದಲು, ಇಷ್ಟು ವರ್ಷ ನಿಮ್ಮ ಕಣದಲ್ಲಿ ಮೊರ ಹಿಡಿದು ನಿಂತವರು ಯಾರು ಎಂದು ಯೋಚಿಸಿ. ಹೆಚ್ಚಿನವರು ಹೆಣ್ಣುಮಕ್ಕಳು. ತೂರಿ, ಕೇರಿ ಪಡೆದ ಕಾಳಿನಿಂದ ಅವರ ಮನೆಯ ಒಲೆ ಉರಿದದ್ದುಂಟು. ಯಂತ್ರ ನಡೆಸುವುದನ್ನು ಅವರಿಗೂ ಕಲಿಸಬಹುದಲ್ಲವೆ? ನಾಲ್ಕಾರು ಮನೆಯವರು, ಇಲ್ಲವೆ ಹೆಣ್ಣುಮಕ್ಕಳ ಸ್ವಸಹಾಯ ಸಂಘದವರು ಸೇರಿ ಒಂದು ಯಂತ್ರ ಇಟ್ಟುಕೊಂಡರೆ, ಬಾಡಿಗೆಯ ಹಣ ಊರಿನಲ್ಲೇ ಉಳಿಯುತ್ತದೆ, ಕೂಲಿ ಕಳೆದುಕೊಂಡವರ ಕೈಗೂ ಸೇರುತ್ತದೆ. ಯಾರ ಕಣ ಮೊದಲು, ಯಾರದು ಆಮೇಲೆ ಎಂಬುದನ್ನು ಸುಗ್ಗಿಗೆ ಮುಂಚೆಯೇ ಕೂತು ಮಾತಾಡಿಕೊಳ್ಳಿ. ಮೋಡ ಕವಿದ ಮೇಲೆ ಕಣದಲ್ಲಿ ನ್ಯಾಯ ಹೇಳುವುದು ಕಷ್ಟ. ಯಂತ್ರಕ್ಕೆ ಸಹಾಯಧನ ಉಂಟೆ, ಬಾಡಿಗೆಗೆ ಎಲ್ಲಿ ಸಿಗುತ್ತದೆ ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಗಾಳಿಯನ್ನು ಕಾಯುವ ಕಷ್ಟವನ್ನು ಯಂತ್ರ ತಪ್ಪಿಸಿತು. ಅದು ದೊಡ್ಡ ಉಪಕಾರ. ಆದರೆ ಬಯಲಿನ ಗಾಳಿ ಎಲ್ಲರ ಕಣಕ್ಕೂ ಬೀಸುತ್ತಿತ್ತಲ್ಲ, ಆ ಗುಣವನ್ನು ಯಂತ್ರ ತಾನಾಗಿ ತರುವುದಿಲ್ಲ. ಅದನ್ನು ಊರಿನವರಾದ ನಾವೇ ಸೇರಿಸಬೇಕು.